ಎಡಕ್ಕೆ ತಿರುಗುತ್ತಿದ್ದ ಹೆಲಿಕಾಪ್ಟರ್

ಯಾದಗಿರಿಯಿಂದ ಶಹಾಪುರಕ್ಕೆ ಸಂಜೆಯ ಬಸ್ಸಿನಲ್ಲಿ ನಿಂತುಕೊಂಡು ಬರುವವರಿಗೆ ಬೇರೆಯದೇ ಒಂದು ಭತ್ಯೆ ಕೊಡಬೇಕು ಎಂದು ನಾನು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಹಗಲೆಲ್ಲ ಕಚೇರಿಯ ಕಡತ, ಸಂಜೆ ಬಸ್ಸಿನ ಕಂಬಿ, ಮನೆಗೆ ಬಂದರೆ ಒಲೆ. ಹೊರಗಿನವರು ಶಹಾಪುರಕ್ಕೆ ಬಂದರೆ ಮಲಗಿದ ಬುದ್ಧನ ಬೆಟ್ಟ ನೋಡಿ ಕೈಮುಗಿಯುತ್ತಾರೆ, ಫೋಟೊ ತೆಗೆಯುತ್ತಾರೆ. ನನಗೆ ಆ ಬೆಟ್ಟ ಕಂಡಾಗಲೆಲ್ಲ ಸಣ್ಣಗೆ ಹೊಟ್ಟೆಕಿಚ್ಚು ಬರುತ್ತದೆ. ಪುಣ್ಯವಂತ, ಮಲಗಿದ್ದಾನೆ.

ಇಂಥ ದಿನಗಳಲ್ಲಿ ನಮ್ಮ ಮನೆಗೆ ಹೆಲಿಕಾಪ್ಟರ್ ಬಂತು. ನಿಜವಾದದ್ದಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಹಾರುವ ಹೆಲಿಕಾಪ್ಟರ್, ಅದನ್ನು ಹಾರಿಸಲು ಕೈಯಲ್ಲಿ ಹಿಡಿಯುವ ಒಂದು ರೇಡಿಯೊ ಟ್ರಾನ್ಸ್‌ಮಿಟರ್. ನೋಡಲು ದಪ್ಪನೆಯ ಡಬ್ಬಿ. ಎಡಕ್ಕೊಂದು ಬಲಕ್ಕೊಂದು ಕಡ್ಡಿ, ಮೇಲೊಂದು ಉದ್ದನೆಯ ಏರಿಯಲ್, ಮೈತುಂಬ ಸ್ವಿಚ್ಚುಗಳು.

ತಂದದ್ದು ನಾನೇ, ನನ್ನ ನೆಗೆಣ್ಣಿಗಾಗಿ. ನನ್ನ ಮೈದುನನ ಹೆಂಡತಿ ಅವಳು. ಗಂಡ ಹೆಂಡತಿ ದೋರನಹಳ್ಳಿಯಲ್ಲಿದ್ದು ಕಾಲುವೆ ನೀರಿನ ಭತ್ತದ ಹೊಲ ನೋಡಿಕೊಳ್ಳುತ್ತಾರೆ. ಔಷಧ ಹೊಡೆಯುವ ದಿನಗಳಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡ ಗಂಡಸರಿಗೆ ಕೊಡಗಟ್ಟಲೆ ನೀರು ಹೊತ್ತು ಒದಗಿಸುವುದು ಅವಳ ಪಾಲಿನ ಕೆಲಸ. ಮೊಣಕಾಲ ತನಕ ಕೆಸರು, ಕೆಸರಿನಲ್ಲಿ ಔಷಧ. ಎಷ್ಟು ತೊಳೆದರೂ ಕಾಲುಗಳು ಉರಿಯುತ್ತವೆ ಅನ್ನುತ್ತಾಳೆ. ಎಸ್ಸೆಸ್ಸೆಲ್ಸಿ ಚೆನ್ನಾಗಿ ಪಾಸಾದವಳು. ಆ ಓದು ಅವಳಿಗೆ ಯಾವ ಕೆಲಸಕ್ಕೂ ಬಂದಿರಲಿಲ್ಲ.

ಬೇಸಿಗೆಯ ಮೊದಲಲ್ಲಿ ಮಹಿಳಾ ಸಂಘಗಳಿಗೆ ಒಂದು ಸುದ್ದಿ ಬಂತು. ಹೊಲಕ್ಕೆ ಔಷಧ ಸಿಂಪಡಿಸುವ ಡ್ರೋನ್ ಹಾರಿಸುವುದನ್ನು ಹೆಣ್ಣುಮಕ್ಕಳಿಗೆ ಕಲಿಸುತ್ತಾರಂತೆ. ತಾಲೂಕಿಗೆ ಒಬ್ಬರೇ. ಆಯ್ಕೆ ಯಾದಗಿರಿಯಲ್ಲಿ, ಕಂಪ್ಯೂಟರ್ ಮುಂದೆ ಕೂರಿಸಿ. ಪರದೆಯ ಮೇಲಿನ ಮಾದರಿ ಹೆಲಿಕಾಪ್ಟರನ್ನು ಗಾಳಿಯಲ್ಲಿ ಅಲುಗದಂತೆ ನಿಲ್ಲಿಸಿ ತೋರಿಸಿದವರಿಗೆ ಜಾಗ. ಹೆಲಿಕಾಪ್ಟರ್ ನಿಲ್ಲಿಸಲು ಬಂದರೆ ಡ್ರೋನ್ ತಾನಾಗಿ ಬರುತ್ತದೆ ಎಂಬುದು ಅವರ ಲೆಕ್ಕಾಚಾರ. ನನ್ನ ಸಂಜೆಯ ಬಸ್ಸು ದೋರನಹಳ್ಳಿಯ ಮೇಲೇ ಬರುತ್ತದೆ. ಅಂದು ಅವಳು ಅಲ್ಲಿ ಹತ್ತಿ, ನನ್ನ ಪಕ್ಕ ಕಂಬಿ ಹಿಡಿದು ನಿಂತು, ಮೆಲ್ಲಗೆ ಹೇಳಿದಳು: "ಯಕ್ಕಾ, ಔಷಧಿ ಹೊಡಿಯೋರಿಗಿ ನೀರು ಹೊತ್ತು ಸಾಕಾಗ್ಯದ. ಇದೊಂದು ನೋಡತೀನಿ."

ಏನನ್ನೂ ಕೇಳುವವಳಲ್ಲ ಅವಳು. ಹಾಗಾಗಿ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಮನಸ್ಸಿನಲ್ಲಿ ಮಾತ್ರ, ಇನ್ನೊಂದು ಹೊರೆ ಬಂತಲ್ಲ ಎಂದುಕೊಂಡೆ.

ಸುರಪುರದಲ್ಲಿ ನನ್ನ ಕಾಲೇಜು ದಿನಗಳ ಗೆಳೆಯರೊಬ್ಬರಿದ್ದಾರೆ, ಭೌತಶಾಸ್ತ್ರ ಕಲಿಸುತ್ತಾರೆ. ಒಂದು ಕಾಲಕ್ಕೆ ಅವರಿಗೆ ಮಾದರಿ ಹೆಲಿಕಾಪ್ಟರ್ ಹಾರಿಸುವ ಹುಚ್ಚಿತ್ತು. ಅದು ಊರ ಗುಡ್ಡದ ಬಂಡೆಗೆ ಬಡಿದು ಪುಡಿಯಾದ ಮೇಲೆ ಅವರ ಮನೆಯವರು ಆ ಹುಚ್ಚನ್ನು ಬಿಡಿಸಿದರು. ಉಳಿದದ್ದು ಟ್ರಾನ್ಸ್‌ಮಿಟರ್, ಕಂಪ್ಯೂಟರಿಗೆ ಜೋಡಿಸುವ ಒಂದು ವೈರು, ಮತ್ತು ಯಾದಗಿರಿಯವರು ಬಳಸುವ ಜಾತಿಯದೇ ಸಿಮ್ಯುಲೇಟರ್, ಅಂದರೆ ಪರದೆಯ ಮೇಲೆ ಹಾರಿಸುವ ಸಾಫ್ಟ್‌ವೇರ್. ಭಾನುವಾರವೊಂದು ಸಿಗುತ್ತದೆ ನನಗೆ ಬಟ್ಟೆ ಒಗೆಯಲು. ಅದನ್ನೂ ಬಿಟ್ಟು ಸುರಪುರಕ್ಕೆ ಹೋಗಿ, ಟವೆಲಿನಲ್ಲಿ ಸುತ್ತಿದ ಆ ಡಬ್ಬಿಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಬಂದವಳೇ ಅದನ್ನು ಗೂಡಿನಲ್ಲಿಟ್ಟು ಮಲಗಿಬಿಟ್ಟೆ.

ಮರುದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಯೆಂದರೆ ಮನೆಯಲ್ಲಿ ತಿರುಗುವ, ಓಡುವ, ಉರಿಯುವ ಎಲ್ಲ ಸಾಮಾನಿಗೂ ಪೂಜೆ. ನಮ್ಮತ್ತೆ ನಮ್ಮ ಜೊತೆಗೇ ಶಹಾಪುರದಲ್ಲಿದ್ದಾರೆ. ಬೆಳಗ್ಗೆ ನಾನು ಬಸ್ಸು ಹಿಡಿದ ಮೇಲೆ ಅವರು ಸ್ಕೂಟಿ, ಮಿಕ್ಸರ್, ಫ್ರಿಜ್ಜು, ಹೊಲಿಗೆ ಮಷೀನು ಎಲ್ಲಕ್ಕೂ ಪೂಜೆ ಮಾಡುತ್ತ ಗೂಡಿನ ತನಕ ಬಂದಿದ್ದಾರೆ. ಅಲ್ಲಿ ಹೊಸ ಸಾಮಾನು. ಅದಕ್ಕೂ ಹೂವಿನಿಂದ ನೀರು ಚಿಮುಕಿಸಿ, ಕುಂಕುಮ ಹಚ್ಚಿ, ಮೈಲಾಪುರದಿಂದ ತಂದಿಟ್ಟುಕೊಂಡಿದ್ದ ಭಂಡಾರವನ್ನು, ಅಂದರೆ ದೇವರ ಅರಿಸಿನವನ್ನು, ಧಾರಾಳವಾಗಿ ಉದುರಿಸಿದ್ದಾರೆ. ಸಂಜೆ ಬಂದು ನೋಡಿದರೆ ಡಬ್ಬಿ ಮದುವಣಗಿತ್ತಿಯ ಹಾಗೆ ಕೂತಿತ್ತು. ಅವರನ್ನು ಅನ್ನುವಂತಿಲ್ಲ. ನನ್ನ ಸ್ಕೂಟಿ ಹೊಸದಾಗಿ ಬಂದಾಗ ನಾನೇ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವಳು. ಒದ್ದೆ ಬಟ್ಟೆಯಿಂದ ಹೊರಮೈ ಒರೆಸಿ ಮೇಜಿನ ಮೇಲಿಟ್ಟೆ.

ಅಂದೇ ಸಂಜೆ ಶುರು ಮಾಡಿದೆವು. ಮಗಳು ನರ್ಸಿಂಗ್ ಓದಲು ಹೋಗುವಾಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪು, ಒಂದು ಸಲ ಆನ್ ಆಗುವುದೇ ಅದಕ್ಕೆ ದೊಡ್ಡ ಕೆಲಸ. ಸುರಪುರದ ಉಪನ್ಯಾಸಕರು ಫೋನಿನಲ್ಲಿ ಒಂದೊಂದೇ ಹೇಳುತ್ತ ಹೋದರು. ವೈರಿನ ಒಂದು ತುದಿ ಟ್ರಾನ್ಸ್‌ಮಿಟರಿನ ಬೆನ್ನಿಗೆ, ಇನ್ನೊಂದು ಲ್ಯಾಪ್‌ಟಾಪಿಗೆ. ಆಮೇಲೆ ಟ್ರಾನ್ಸ್‌ಮಿಟರಿನ ಪುಟ್ಟ ಪರದೆಯಲ್ಲಿ ಅವರ ಹಳೆಯ ಹೆಲಿಕಾಪ್ಟರಿನ ಹೊಂದಿಕೆಗಳನ್ನೆಲ್ಲ ಅಳಿಸಿ, ಏನೂ ಬೆರಕೆಯಿಲ್ಲದ ಹೊಸದೊಂದನ್ನು ಮಾಡಬೇಕು. ನಿಜವಾದ ಹೆಲಿಕಾಪ್ಟರಿಗಾದರೆ ಒಂದು ಕಡ್ಡಿ ಎತ್ತಿದಾಗ ಒಳಗೆ ಎರಡು ಮೂರು ಕೆಲಸ ಕೂಡಿಯೇ ಆಗಬೇಕಂತೆ. ಇಲ್ಲಿ ಆ ಕೂಡಿಸುವ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಟ್ರಾನ್ಸ್‌ಮಿಟರ್ ತನ್ನ ಬುದ್ಧಿ ಓಡಿಸದೆ, ಕಡ್ಡಿ ಎಲ್ಲಿದೆ ಎಂಬುದನ್ನಷ್ಟೇ ಹೇಳಬೇಕು ಎಂದರು. ನಮ್ಮ ಕಚೇರಿಯಲ್ಲೂ ಇದೇ ನಿಯಮ, ಹಾಗಾಗಿ ನನಗೆ ಬೇಗ ಅರ್ಥವಾಯಿತು.

ಆಮೇಲೆ ಕಡ್ಡಿಗಳ ಅಳತೆ ಕಂಪ್ಯೂಟರಿಗೆ ಕೊಡಬೇಕು. ಎರಡೂ ಕಡ್ಡಿಗಳನ್ನು ನಾಲ್ಕೂ ಮೂಲೆಗೆ ಮುಟ್ಟಿಸಿ ತಿರುಗಿಸಿ, ನಡುವೆ ತಂದು ಬಿಟ್ಟರೆ, ಇದೇ ನಡು ಎಂದು ಅದು ನೆನಪಿಟ್ಟುಕೊಳ್ಳುತ್ತದೆ. ನೆಗೆಣ್ಣಿ ಕಡ್ಡಿ ತಿರುಗಿಸುತ್ತ ಇದ್ದಳು, ನಾನು ಒಗ್ಗರಣೆ ಹಾಕುತ್ತ, ನಡುನಡುವೆ ಬಂದು ಗುಂಡಿ ಒತ್ತುತ್ತ ಇದ್ದೆ. ಮೊದಲ ಸಲ ಕಡ್ಡಿ ಮೇಲಕ್ಕೆ ಒತ್ತಿದರೆ ಹೆಲಿಕಾಪ್ಟರ್ ಕೆಳಕ್ಕೆ ಹೋಯಿತು. ಅದನ್ನು ತಿರುವುಮುರುವು ಮಾಡಿಸಿದೆವು. ಎಲ್ಲ ಮುಗಿಯುವ ಹೊತ್ತಿಗೆ ಸಾರು ತಣ್ಣಗಾಗಿತ್ತು, ನಾನೂ ಹೈರಾಣಾಗಿದ್ದೆ. ಒಂದು ಸಲ ನೋಡೋಣವೆಂದು ನಾನೂ ಹಾರಿಸಿದೆ. ನನ್ನ ಕೈಯಲ್ಲಿ ಅದು ಆ ಕಡೆಗೂ ಹೋಗಲಿಲ್ಲ, ಈ ಕಡೆಗೂ ಹೋಗಲಿಲ್ಲ, ನೆಟ್ಟಗೆ ನೆಲಕ್ಕೆ ಬಿತ್ತು.

ಅವಳ ಕೈ ಹಾಗಲ್ಲ. ಎರಡನೆಯ ಸಂಜೆಗೇ ಅದನ್ನು ನೆಲದಿಂದ ಎಬ್ಬಿಸಿ, ಆಳೆತ್ತರದಲ್ಲಿ ಹಿಡಿದಳು. ಮುಂದೆ ಹಿಂದೆ ಜಾರದಂತೆ ನೋಡಿಕೊಂಡಳು. ಒಂದೇ ಒಂದು ತೊಂದರೆ. ಎಬ್ಬಿಸಿದ ಸ್ವಲ್ಪ ಹೊತ್ತಿಗೆ ಹೆಲಿಕಾಪ್ಟರಿನ ಮೂತಿ ಎಡಕ್ಕೆ ತಿರುಗತೊಡಗುತ್ತಿತ್ತು. ಬಲಕ್ಕೆ ತಂದರೆ ಮತ್ತೆ ಎಡಕ್ಕೆ. ಮೂತಿ ನಮ್ಮ ಕಡೆ ಬಂತೆಂದರೆ ಎಡಬಲ ಎಲ್ಲ ಅದಲುಬದಲಾಗಿ, ಅಷ್ಟೇ, ನೆಲಕ್ಕೆ.

ಉಪನ್ಯಾಸಕರಿಗೆ ಫೋನು ಮಾಡಿದೆ. ಮೂತಿ ತಿರುಗಿಸುವ ಎಡಗಡ್ಡಿಯ ಪಕ್ಕದಲ್ಲಿ ಒಂದು ಸಣ್ಣ ಪಟ್ಟಿ ಇದೆ, ನಡು ಸರಿಪಡಿಸಲು, ಅದನ್ನು ಬಲಕ್ಕೆ ಸರಿಸಿ ಎಂದರು. ಸರಿಸಿದೆವು. ಸ್ವಲ್ಪ ಹೊತ್ತು ಸರಿಯಾಯಿತು, ಮತ್ತೆ ಎಡಕ್ಕೆ. ಹಾಗಿದ್ದರೆ ಎಡಗೈ ಹೆಬ್ಬೆರಳು ತನಗೆ ತಿಳಿಯದ ಹಾಗೆ ಒಂದೇ ಕಡೆ ಒತ್ತುತ್ತಿರಬೇಕು, ಹೊಸಬರಿಗೆ ಇದು ಇದ್ದದ್ದೇ, ಅಭ್ಯಾಸ ಆಗಲಿ ಎಂದರು. ಅವಳ ಎಡ ಹೆಬ್ಬೆರಳಿಗೆ ಹಿಂದೊಮ್ಮೆ ಕುಡುಗೋಲು ತಾಗಿ ಗಾಯದ ಗುರುತಿದೆ. ಎಲ್ಲ ತಾಳೆಯಾಯಿತು. ಅವಳು ಆ ಗುರುತನ್ನು ನೋಡಿಕೊಂಡು ಮತ್ತೆ ಕಡ್ಡಿ ಹಿಡಿದಳು.

ಇಲ್ಲಿ ನಮ್ಮ ಮನೆಯ ಒಂದು ಮಾತು ಹೇಳಬೇಕು. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಉಪ್ಪಿನಕಾಯಿಗೆ ಉಪ್ಪು ಕಲಸಿದವಳು ಇವಳು. ಆ ವರ್ಷ ಜಾಡಿಗೆ ಬೂಸು ಬಂತು. ಆಮೇಲೆ ಯಾವಾಗಲೋ ಅವಳ ಕೈಯಿಂದ ಮೊದಲ ಬೀಜ ಬಿದ್ದ ಮಡಿಯಲ್ಲಿ ಸಸಿ ಸರಿಯಾಗಿ ಏಳಲಿಲ್ಲ. ಅಷ್ಟಕ್ಕೇ ಅವಳ ಕೈಗುಣ ಚೆನ್ನಾಗಿಲ್ಲ ಎಂದು ತೀರ್ಮಾನವಾಯಿತು. ನಮ್ಮತ್ತೆ ಕೆಟ್ಟವರಲ್ಲ, ಬೈಯುವವರೂ ಅಲ್ಲ. ಬೈದಿದ್ದರೆ ವಾಸಿಯಿತ್ತು. ಉಪ್ಪಿನಕಾಯಿಯ ಹೊತ್ತು ಬಂದರೆ, ಹೆಪ್ಪು ಹಾಕುವ ಹೊತ್ತು ಬಂದರೆ, ಬಿತ್ತನೆ ಬಂದರೆ, ನೀ ಬಿಡವಾ ಎಂದು ಮೆತ್ತಗೆ ಹೇಳಿ ಅವಳ ಕೈಯಿಂದ ತೆಗೆದುಕೊಂಡುಬಿಡುತ್ತಾರೆ. ನನಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ನನ್ನ ಕೈಗುಣ ಚೆನ್ನಾಗಿದೆಯೆಂದು ಉಪ್ಪಿನಕಾಯಿಯೂ ನನ್ನದೇ, ಹೆಪ್ಪೂ ನನ್ನದೇ, ಆ ಉರಿ ಬೇರೆ.

ಹೆಲಿಕಾಪ್ಟರ್ ಎಡಕ್ಕೆ ತಿರುಗುವುದನ್ನು ಅತ್ತೆ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ಅವರ ಕಣ್ಣು ಪರದೆಯಿಂದ ಅವಳ ಕೈಗಳಿಗೆ ಇಳಿಯಿತು. 

ಆ ವಾರವೆಲ್ಲ ಹೀಗೇ ಹೋಯಿತು. ಅವಳು ಹೊಲದ ಕೆಲಸ ಮುಗಿಸಿ, ದೋರನಹಳ್ಳಿಯಲ್ಲಿ ನನ್ನ ಬಸ್ಸು ಹತ್ತುತ್ತಿದ್ದಳು. ಸೀಟು ಸಿಕ್ಕರೆ ಒಬ್ಬರ ಮೇಲೊಬ್ಬರು ತೂಕಡಿಸುತ್ತಿದ್ದೆವು. ಮನೆಗೆ ಬಂದು ಚಹ ಕುಡಿದು ಆ ಡಬ್ಬಿ ಹಿಡಿಯುವುದು, ಹೆಲಿಕಾಪ್ಟರ್ ಎಬ್ಬಿಸುವುದು, ಅದು ಎಡಕ್ಕೆ ಹೋಗುವುದು, ಬೀಳುವುದು. ಬಿದ್ದಾಗ ಸಿಮ್ಯುಲೇಟರ್ ಒಂದು ಸದ್ದು ಮಾಡುತ್ತದೆ, ತಗಡು ಮುರಿದ ಸದ್ದು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಆ ಸದ್ದು ಕೇಳಿ ಕೇಳಿ ನನಗೆ ತಲೆ ಕೆಟ್ಟುಹೋಗಿತ್ತು. ಶನಿವಾರ ಆಯ್ಕೆ. ಬೇಡ ಅನ್ನಲು ಅವಳಿಗೆ ಬಾಯಿಲ್ಲ, ಸಾಕು ಅನ್ನಲು ನನಗೆ ಮನಸ್ಸಿಲ್ಲ.

ಗುರುವಾರ ಉಪನ್ಯಾಸಕರು ಇನ್ನೊಂದು ಉಪಾಯ ಹೇಳಿದರು. ಸಿಮ್ಯುಲೇಟರಿನಲ್ಲಿ ಕಲಿಯುವವರಿಗೆಂದೇ ಒಂದು ಬಗೆಯಿದೆ. ಅದರಲ್ಲಿ ಹೆಲಿಕಾಪ್ಟರನ್ನು ಕಂಪ್ಯೂಟರೇ ಗಾಳಿಯಲ್ಲಿ ಹಿಡಿದುಕೊಂಡಿರುತ್ತದೆ. ಮೂತಿ ತಿರುಗಿಸುವುದೊಂದೇ ನಮ್ಮ ಪಾಲು. ಯಾದಗಿರಿಯಲ್ಲೂ ಮೊದಲ ಪರೀಕ್ಷೆ ಅದೇ ಇರುತ್ತದೆ, ಅದನ್ನು ಮಾಡಿಸಿ ಎಂದರು. ಹಾಕಿಕೊಟ್ಟೆ. ಉಳಿದ ಯಾವ ಚಿಂತೆಯೂ ಇಲ್ಲದೆ ಅವಳು ಮೂತಿಯೊಂದನ್ನೇ ನೋಡುತ್ತ ಕೂತಳು. ಅದು ನಿಧಾನಕ್ಕೆ ಎಡಕ್ಕೆ ತಿರುಗಿತು. ಬಲಕ್ಕೆ ತಂದಳು. ಮತ್ತೆ ತಿರುಗಿತು. ಎಷ್ಟೋ ಹೊತ್ತಿನ ಮೇಲೆ ಡಬ್ಬಿಯನ್ನು ಮೇಜಿನ ಮೇಲಿಟ್ಟು ಎದ್ದಳು.

"ಬ್ಯಾಡ ಬಿಡು ಯಕ್ಕಾ," ಅಂದಳು. "ನನ್ನ ಕೈಯೇ ಹಂಗದ. ಮಷೀನಿಗೂ ಗೊತ್ತಾಗ್ಯದ."

ಅತ್ತುಬಿಟ್ಟಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ. ಮುಖ ತೊಳೆದುಕೊಳ್ಳಲು ಹಿತ್ತಲಿಗೆ ಹೋದಳು. ನಾನು ಅವಳು ಬಿಟ್ಟ ಖುರ್ಚಿಯಲ್ಲಿ ಕೂತೆ. ಲ್ಯಾಪ್‌ಟಾಪು ಮುಚ್ಚಬೇಕು ಅನ್ನಿಸಿತು, ಕೈ ಏಳಲಿಲ್ಲ. ಅಷ್ಟು ದಣಿದಿದ್ದೆ. ಸುಮ್ಮನೆ ಪರದೆ ನೋಡುತ್ತ ಕೂತೆ. ಹಸಿರು ಬಯಲು, ಬಿಳಿ ಮೋಡ, ನಡುವೆ ಹೆಲಿಕಾಪ್ಟರ್. ಅದು ಎಡಕ್ಕೆ ತಿರುಗುತ್ತಿತ್ತು. ಇದೊಂದು ಎಡಕ್ಕೆ ತಿರುಗುತ್ತಲೇ ಇರುತ್ತದೆ ಎಂದುಕೊಂಡೆ. ಆಮೇಲೆ ನೆಟ್ಟಗೆ ಎದ್ದು ಕೂತೆ. ಟ್ರಾನ್ಸ್‌ಮಿಟರ್ ಮೇಜಿನ ಮೇಲಿತ್ತು. ಕಡ್ಡಿಗಳು ನಡುವಿನಲ್ಲಿದ್ದವು. ಅದನ್ನು ಯಾರೂ ಮುಟ್ಟಿರಲಿಲ್ಲ.

"ತಂಗೀ, ಇಲ್ಲಿ ಬಾ," ಎಂದು ಕೂಗಿದೆ. "ಯಾರ ಕೈಯೂ ಇಲ್ಲ ಇದಕ್ಕ. ನೋಡು, ಯಾರ ಕೈಯೂ ಇಲ್ಲ."

ಒದ್ದೆ ಮುಖದಲ್ಲೇ ಬಂದು ನಿಂತಳು. ಇಬ್ಬರೂ ನೋಡಿದೆವು. ಹೆಲಿಕಾಪ್ಟರ್ ತನ್ನಷ್ಟಕ್ಕೆ ತಾನು ಒಂದು ಸುತ್ತು ತಿರುಗಿ ಬಂತು.

ಸ್ಕ್ರೂ ಬಿಚ್ಚಿ ಹಿಂಬದಿ ತೆಗೆದೆವು. ಬಲಗಡ್ಡಿಯ ಬುಡ ತಕ್ಕಮಟ್ಟಿಗೆ ಚೊಕ್ಕವಾಗಿತ್ತು. ಎಡಗಡ್ಡಿಯ ಬುಡದಲ್ಲಿ, ಅದು ತಿರುಗುವ ಸಂದಿಯಲ್ಲೆಲ್ಲ, ಹಳದಿ ಅಂಟು ಗಟ್ಟಿಯಾಗಿ ಕೂತಿತ್ತು. ಭಂಡಾರ. ಹೂವಿನ ನೀರಿಗೆ ಕಲಸಿಕೊಂಡು, ಕಡ್ಡಿಯ ಸುತ್ತಲಿನ ಬಿರುಕಿನಿಂದ ಇಳಿದು, ಒಣಗಿತ್ತು. ನಾನು ಒರೆಸಿದ್ದು ಮೇಲಿನದನ್ನು ಮಾತ್ರ. ಕಡ್ಡಿ ಹೊರಗೆ ನಡುವಿಗೆ ಬಂದು ನಿಂತರೂ ಒಳಗೆ ನಡುವಿಗೆ ಬರುತ್ತಿರಲಿಲ್ಲ. ಬಂದರೂ ಒಂದು ಸಲ ಬಂದಲ್ಲಿಗೆ ಇನ್ನೊಂದು ಸಲ ಬರುತ್ತಿರಲಿಲ್ಲ.

ಅತ್ತೆ ಬಂದು ಬಗ್ಗಿ ನೋಡಿದರು. ಅವರಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ, ಆ ಹಳದಿ ಅವರದೇ. "ನಾ ದೇವರ ಭಂಡಾರ ಹಾಕೀನಿ, ಮಣ್ಣು ಹಾಕಿಲ್ಲ," ಅಂದರು. ನನ್ನ ನಾಲಿಗೆಯ ತುದಿಗೆ ಬಹಳ ಬಂದಿತ್ತು, ಉಪ್ಪಿನಕಾಯಿ ಜಾಡಿಯಿಂದ ಹಿಡಿದು ಎಲ್ಲ. ಜಗಳಕ್ಕೂ ಶಕ್ತಿ ಬೇಕು. ಅದು ನನ್ನಲ್ಲಿ ಉಳಿದಿರಲಿಲ್ಲ. ಮೆಡಿಕಲ್ ಅಂಗಡಿಯಿಂದ ಸ್ಪಿರಿಟ್ ತಂದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನೆಗೆಣ್ಣಿ ತಾನೇ ಕೂತು ಉಜ್ಜಿದಳು. ಬೆರಳುಗಳು ಸಾವಕಾಶವಾಗಿ, ಒಂದಿಷ್ಟೂ ನಡುಗದೆ ಓಡಾಡುತ್ತಿದ್ದವು. ಅತ್ತೆ ಆ ಬೆರಳುಗಳನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದು, ಆಮೇಲೆ ಒಳಗೆ ಹೋಗಿ ಅಂದಿನ ಅಡುಗೆ ತಾವೇ ಮಾಡಿದರು.

ಮುಚ್ಚಿ, ಸ್ಕ್ರೂ ಹಾಕಿ, ಸರಿಸಿದ್ದ ಪಟ್ಟಿಯನ್ನು ಮತ್ತೆ ನಡುವಿಗೆ ತಂದು, ಕಡ್ಡಿಗಳ ಅಳತೆಯನ್ನು ಮೊದಲಿನಿಂದ ಕೊಟ್ಟೆವು. ಹೆಲಿಕಾಪ್ಟರ್ ಮೂತಿಯನ್ನು ಅತ್ತ ಮಾಡಿ ನಿಂತಿತು. ತಿರುಗಲಿಲ್ಲ. ಅವಳು ಡಬ್ಬಿ ಕೈಗೆತ್ತಿಕೊಂಡು, ಕಂಪ್ಯೂಟರ್ ಹಿಡಿದಿದ್ದನ್ನೂ ಬಿಡಿಸಿ, ಎಲ್ಲವನ್ನೂ ತಾನೇ ಹಿಡಿದಳು. ಆಗಲೂ ನಿಂತಿತು. ನನಗೆ ಖುಷಿಯಾಗುವ ಬದಲು ಸಿಟ್ಟು ಬಂತು. ಒಂದು ವಾರ ಅಲ್ಲ, ಇಷ್ಟು ವರ್ಷ ಅವಳು ಈ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡಿದ್ದಾಳೆ.

ಶುಕ್ರವಾರ ರಾತ್ರಿ ಅವಳು ನಮ್ಮಲ್ಲೇ ಉಳಿದಳು. ಶನಿವಾರ ಬೆಳಗ್ಗೆ ಹೊರಡುವ ಹೊತ್ತಿಗೆ ಅತ್ತೆ ಭಂಡಾರದ ಬಟ್ಟಲು ಹಿಡಿದುಕೊಂಡು ಬಾಗಿಲಿಗೆ ಬಂದರು. ನನಗೆ ಗಾಬರಿಯಾಯಿತು. ಅವರು ನನ್ನ ಕಡೆ ನೋಡಲಿಲ್ಲ. "ಡಬ್ಬಿಗಿ ಬ್ಯಾಡ. ಕೈಗಾದ್ರೂ ಹಚ್ಚಲಿ?" ಎಂದು ಕಿರಿಸೊಸೆಯನ್ನು ಕೇಳಿದರು. ಅವಳು ಎರಡೂ ಕೈ ಚಾಚಿದಳು. ಅತ್ತೆ ಅವಳ ಎರಡೂ ಹೆಬ್ಬೆರಳಿಗೆ ಭಂಡಾರ ತೀಡಿದರು, ಎಡಗೈಯ ಗಾಯದ ಗುರುತಿನ ಮೇಲೆ ಇನ್ನೂ ಸ್ವಲ್ಪ ಹೆಚ್ಚು.

ಯಾದಗಿರಿಯಲ್ಲಿ ಆ ಸಭಾಂಗಣದ ತುಂಬ ಹೆಣ್ಣುಮಕ್ಕಳು. ಹಿಂದಿನ ಖುರ್ಚಿಗಳಲ್ಲಿ ಜೊತೆಗೆ ಬಂದವರು, ನನ್ನ ಹಾಗೆ ಆಕಳಿಸುತ್ತ. ಒಬ್ಬೊಬ್ಬರನ್ನೇ ಕರೆದು, ಟ್ರಾನ್ಸ್‌ಮಿಟರ್ ಕೈಗೆ ಕೊಟ್ಟು, ಮೊದಲು ಮೂತಿ ಹಿಡಿಯಿರಿ ಅನ್ನುತ್ತಿದ್ದರು. ಕೊಟ್ಟ ಕೂಡಲೇ ಎಲ್ಲರೂ ಕಡ್ಡಿ ಹಿಡಿಯುತ್ತಿದ್ದರು.  ನೆಗೆಣ್ಣಿಯ ಸರದಿ ಬಂತು. ಅವಳು ಟ್ರಾನ್ಸ್‌ಮಿಟರನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೆಲ್ಲಗೆ ಮೇಜಿನ ಮೇಲಿಟ್ಟು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು.

ಪರೀಕ್ಷೆ ಮಾಡುವವರು ದಕ್ಷಿಣದ ಕಡೆಯವರು. "ಯಾಕಮ್ಮಾ ಕೆಳಗಿಟ್ರಿ? ಕೈಯಲ್ಲಿ ಹಿಡ್ಕೊಳ್ಳಿ," ಅಂದರು.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಮೊದಲ ಇದು ತಾನಾಗೇ ನೆಟ್ಟಗ ನಿಲ್ಲತದೇನು ನೋಡತೀನ್ರಿ," ಅಂದಳು. "ಆಮ್ಯಾಲ ನನ್ನ ಕೈ ನೋಡ್ರಿ."

ನನ್ನ ಆಕಳಿಕೆ ಅರ್ಧಕ್ಕೆ ನಿಂತಿತು. ಅವಳು ಯಾರಿಗೂ ಹೀಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಪರದೆಯ ಮೇಲೆ ಹೆಲಿಕಾಪ್ಟರ್ ಅಲುಗದೆ ನಿಂತಿತ್ತು. ಅಷ್ಟು ಖಾತ್ರಿ ಮಾಡಿಕೊಂಡು ಅವಳು ಟ್ರಾನ್ಸ್‌ಮಿಟರ್ ಎತ್ತಿಕೊಂಡಳು. ಮೂತಿ ಹಿಡಿದಳು, ಆಮೇಲೆ ಎಲ್ಲವನ್ನೂ ಹಿಡಿದಳು. ಸಾಕು ಎಂದು ಅವರೇ ಹೇಳುವ ತನಕ ಅದು ನಿಂತೇ ಇತ್ತು. ಅವಳು ಎದ್ದ ಮೇಲೆ ನೋಡಿದರೆ ಎರಡೂ ಕಡ್ಡಿಗಳ ತುದಿಗಳು ಹಳದಿಯಾಗಿದ್ದವು. ನಾನು ಕರವಸ್ತ್ರ ತೆಗೆದು ಒರೆಸಿ ಬಂದೆ.

ಮಧ್ಯಾಹ್ನ ಶಹಾಪುರ ತಾಲೂಕಿಗೆ ಅವಳ ಹೆಸರು ಓದಿದರು. ವಾಪಸು ಬರುವ ಬಸ್ಸಿನಲ್ಲಿ, ದೇವರ ದಯೆಯಿಂದ, ಇಬ್ಬರಿಗೂ ಸೀಟು ಸಿಕ್ಕಿತು. ಭೀಮೆಯ ಸೇತುವೆ ದಾಟಿದ ಮೇಲೆ ಅತ್ತೆಗೆ ಫೋನು ಮಾಡಿ ಸುದ್ದಿ ಹೇಳಿದೆ.  

"ಅಕಿನ್ನ ದೋರನಹಳ್ಳಿಯಾಗ ಇಳಿಸಬ್ಯಾಡ," ಅಂದರು. "ಮಾವಿನಕಾಯಿ ತರಿಸಿ ಹೆಚ್ಚಿಟ್ಟೀನಿ. ಉಪ್ಪು ಅಕೀನೇ ಕಲಸಲಿ."

ಇದನ್ನು ನಾನು ಹೇಳುವುದು ಬೇಡ, ಅವರ ಬಾಯಿಂದಲೇ ಕೇಳಲಿ ಎಂದು ಫೋನನ್ನು ಅವಳ ಹಳದಿ ಕೈಗೆ ಕೊಟ್ಟೆ. ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಅವಳು ಹೂಂ ಅನ್ನುತ್ತಿದ್ದಳು, ಮತ್ತೆ ಹೂಂ ಅನ್ನುತ್ತಿದ್ದಳು. ದೋರನಹಳ್ಳಿ ಬಂದು ಬಸ್ಸು ನಿಂತಿತು. ಅವಳು ಇಳಿಯಲಿಲ್ಲ.